ಅವ್ವನ ಪಾಲಿಗೆ ಬಂದ ತತ್ತಿ

ನಮ್ಮವ್ವ ಮೀನಿನ ತತ್ತಿ ತಿನ್ನುವವಳಲ್ಲ. ಮೀನಿನ ಸಾರಾದರೆ ಬೆರಳು ನೆಕ್ಕಿಕೊಂಡು ಉಣ್ಣುತ್ತಾಳೆ, ಆದರೆ ತತ್ತಿಯ ವಾಸನೆ ಬಡಿದರೆ ಸಾಕು, ಸೆರಗು ಮೂಗಿಗೆ ಹೋಗುತ್ತದೆ. ಇದು ಗೊತ್ತಿರುವುದು ಅವಳಿಗೆ, ಅಪ್ಪನಿಗೆ, ನನಗೆ. ಊರಿನವರು ಬೇರೆಯೇ ತಿಳಿದಿದ್ದಾರೆ. ಹಾಗೆ ತಿಳಿದಿರುವುದು ನನ್ನಿಂದ.

ನಮ್ಮದು ಮಾಗಡಿ ಕಡೆಯ ಊರು. ಕೆರೆ ಏರಿಯ ಮೇಲೆ ನಿಂತರೆ ಸಾವನದುರ್ಗದ ಬಂಡೆ ಕಾಣುತ್ತದೆ. ಆ ಕೆರೆಯಲ್ಲಿ ಮೀನು ಸಾಕುವುದು ಊರಿನದೇ ಒಂದು ಗುಂಪು, ಅದಕ್ಕೆ ಅಪ್ಪನೇ ಯಜಮಾನ. ಹಿಂದೊಮ್ಮೆ ಸೊಳ್ಳೆಪರದೆಯಂಥ ಬಲೆ ಎಳೆದು ಬೆರಳುದ್ದದ ಮರಿಯನ್ನೂ ಬಿಡದೆ ಬಾಚಿದ್ದರು. ಆಮೇಲೆ ಕೆರೆಯಲ್ಲಿ ಕಪ್ಪೆ ಬಿಟ್ಟರೆ ಏನೂ ಉಳಿಯಲಿಲ್ಲ. ಆಗ ಅಪ್ಪ ಮನೆಮನೆಗೆ ಅಲೆದು, ಬೈಸಿಕೊಂಡು, ಒಂದು ಕಟ್ಟುಪಾಡು ಮಾಡಿಸಿದ. ಬಲೆಯ ಕಣ್ಣಿನಲ್ಲಿ ಮೂರು ಬೆರಳು ತೂರಬೇಕು, ಮರಿ ಬೆಳೆಯಲು ಬಿಡಬೇಕು. ಮುಂಗಾರಿನ ಹೊಸನೀರು ಬಂದಾಗ ಗೆಂಡೆ ಮೀನುಗಳು ತತ್ತಿ ಇಡಲು ಹಳ್ಳದ ಬಾಯಿಯ ಜೊಂಡಿನೊಳಕ್ಕೆ ಬರುತ್ತವಲ್ಲ, ಮರಿಯಾಗಿ ಚದುರುವ ತನಕ ಅಲ್ಲಿ ಯಾರೂ ಕಾಲಿಡಬಾರದು. ತಪ್ಪಿದವರು ಏರಿಯ ಮೇಲೆ ಎಲ್ಲರೆದುರು ನಿಂತು ತಮ್ಮ ಬಾಯಿಂದಲೇ ಹೇಳಬೇಕು. ಆ ವರ್ಷ ಅವರ ಮನೆಗೆ ಪಾಲಿನ ಮೀನಿನ ಗುಡ್ಡೆ ಇಲ್ಲ.

"ಬಸ್ರೀನ ಹಿಡ್ದು ತಿನ್ನೋನು ಮನ್ಸನೇನ್ಲಾ?" ಎಂದು ಅಪ್ಪ ಗಂಡಸರ ಮೇಲೆ ಕೂಗಾಡುತ್ತಿದ್ದ.

ಆ ಕೂಗು ಕೇಳಿಕೊಂಡೇ ಬೆಳೆದ ನಾನು ಕಳೆದ ಮುಂಗಾರಿನಲ್ಲಿ ಬಸುರಿಯಾಗಿ ತೌರಿಗೆ ಬಂದೆ. ಬಂದವಳು ಸುಮ್ಮನಿರಬಾರದೆ? ತತ್ತಿಯ ಬಯಕೆ ಹತ್ತಿತು. ಈರುಳ್ಳಿ, ಮೆಣಸು ಹಾಕಿ ಹುರಿದ ಹಳದಿ ತತ್ತಿಯೇ ಬೇಕು. ಅವ್ವ ಮಾಗಡಿಯಿಂದ ಮೀನು ತರಿಸಿದಳು. ಹೊಟ್ಟೆ ಸೀಳಿದರೆ ಖಾಲಿ. ನಾನು ತಟ್ಟೆ ದೂಡಿದೆ.

"ಪ್ಯಾಟೆ ಮೀನಿಗೆ ತತ್ತಿ ಎಲ್ಲಿಂದ ತರ್ಲಿ ಮಗಾ? ಒಸಿ ದಿನ ತಡ್ಕೊ."

"ತಡ್ಕೊತೀನಿ ಬುಡು. ನಾಳೆ ಕೂಸಿನ ಕಿವಿ ಸೋರುದ್ರೆ ನೀನೇ ಒರ್ಸು."

ಬಸುರಿಯ ಬಯಕೆ ತೀರದಿದ್ದರೆ ಮಗುವಿನ ಕಿವಿ ಸೋರುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ನಾನು ನಂಬುವವಳಲ್ಲ. ನಾನು ಕೆಲಸ ಮಾಡುವ ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಜೊತೆಯ ಹೆಂಗಸರು ಹೀಗೆ ಅಂದರೆ ಕಿಸಕ್ಕನೆ ನಗುತ್ತಿದ್ದೆ. ಆದರೆ ಅವ್ವ ನಂಬುತ್ತಾಳೆ. ಅದು ಗೊತ್ತಿದ್ದೇ ಅಂದೆ.

ಮಾರನೆಯ ಮಧ್ಯಾಹ್ನ ತಟ್ಟೆಗೆ ತತ್ತಿ ಬಂತು. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಅವ್ವ, "ಸುಮ್ಕೆ ತಿನ್ನು" ಅಂದಳು. ಬಗ್ಗಿ ಬಡಿಸುವಾಗ ನೋಡಿದೆ: ಸೀರೆಯ ಅಂಚು ಒದ್ದೆ, ಕಣಕಾಲಿನ ಮೇಲೆ ಜೊಂಡು ಗೀರಿದ ಗೆರೆಗಳು. ನನಗೆ ಎಲ್ಲ ತಿಳಿಯಿತು. ತಿಳಿದ ಮೇಲೂ ಇನ್ನಷ್ಟು ಹಾಕಿಸಿಕೊಂಡೆ. ನನ್ನ ನಾಲಿಗೆ ಸೇದಿಹೋಗ! ಅಷ್ಟು ರುಚಿಯಾಗಿತ್ತು.

ಅಪ್ಪ ಹಿತ್ತಲಿನಲ್ಲಿ ಕೈಕಾಲು ತೊಳೆಯಲು ಹೋದವನು ಮೀನಿನ ಮೈಯಿಂದ ಹೆರೆದ ಒಂದು ದೊಡ್ಡ ಹುರುಪೆ ಹಿಡಿದುಕೊಂಡು ಒಳಗೆ ಬಂದ. ಆ ಗಾತ್ರದ ಮೀನು ಕೆರೆಯದು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಎಲ್ಲಿ ಹಿಡ್ದೆ?"

"ಜೊಂಡಲ್ಲಿ," ಅಂದಳು ಅವ್ವ. "ಮಂಕರಿ ಮುಚ್ದೆ, ಸಿಕ್ತು."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗೋಡೆಗೊರಗಿ ಕೂತು, "ಇವತ್ತು ನಾನು ಸುಮ್ಕಾದ್ರೆ ನಾಳೆ ಊರಿಗೂರೇ ಮಂಕರಿ ಹಿಡ್ಕಂಡು ಇಳೀತದೆ. ಮುಂದ್ಲ ವರ್ಸ ಕೆರೇಲಿ ಏನಿರ್ತದೆ?" ಅಂದ. ಅವ್ವ ಸೆರಗು ಹೊದ್ದಳು. "ನಡೀರಿ, ಬತ್ತೀನಿ."

ಸಂಜೆ ಏರಿಯ ಮೇಲೆ ಗುಂಪಿನವರೆಲ್ಲ ಸೇರಿದರು. ನಾನೂ ಹೋಗಿ ಹೊಂಗೆ ಮರದ ಕೆಳಗೆ ನಿಂತೆ. ಅವ್ವ ತಾನೇ ಹಿಡಿದದ್ದೆಂದು ಹೇಳಿದಳು. ಎದುರುಮನೆ ಅತ್ತೆ ಕನಿಕರದಿಂದಲೇ, "ಮಗ್ಳು ಬಸ್ರಿ ಅಲ್ವೇನಕ್ಕ, ಅವ್ಳಿಗೇನಾ?" ಎಂದು ಕೇಳಿದಳು. ಹೂಂ ಅಂದಿದ್ದರೆ ಅರ್ಧ ಜನ ಅವ್ವನನ್ನು ಅಲ್ಲೇ ಬಿಟ್ಟುಬಿಡುತ್ತಿದ್ದರು. ಆದರೆ ಉಳಿದವರು, ಬಸುರಿಯೇ ಬಸುರಿ ಮೀನನ್ನು ತಿಂದಳಂತೆ ಎಂದು ನನ್ನ ಹೊಟ್ಟೆ ನೋಡುತ್ತಿದ್ದರು. ಅವ್ವನಿಗೆ ಅದು ಬೇಡವಾಗಿತ್ತು.

"ಅವ್ಳು ಮುಟ್ನಿಲ್ಲ. ಆಸೆ ನಂದೇ. ನಾನೇ ತಿಂದೆ."

"ಈ ವಯಸ್ನಲ್ಲಿ ಬಯ್ಕೆ ಏನಕ್ಕಾ!" ಎಂದು ಯಾರೋ ಕೂಗಿದರು. ಏರಿಯ ಉದ್ದಕ್ಕೂ ನಗು. ತಲೆ ನರೆತ ನಮ್ಮವ್ವ, ಬಾಯಿಚಪಲದವಳು ಅನ್ನಿಸಿಕೊಂಡು, ನಗುವವರ ಜೊತೆ ತಾನೂ ಒಸಿ ನಕ್ಕಳು. ಅಪ್ಪ ಒಂದೇ ಸಲ ನನ್ನ ಕಡೆ ತಿರುಗಿದ. ತಿಂದವಳು ನಾನು ಅಂತ ಒಂದು ಮಾತು ಸಾಕಿತ್ತು. ನಾನು ಕಾಲಿನ ಉಂಗುರ ನೋಡುತ್ತಾ ನಿಂತಿದ್ದೆ.

ಆ ಮಳೆಗಾಲದಲ್ಲಿ ಜೊಂಡಿನ ಕಡೆ ಮತ್ತೆ ಯಾರೂ ಇಳಿಯಲಿಲ್ಲ. ಯಜಮಾನನ ಮನೆಯವರನ್ನೇ ಬಿಡಲಿಲ್ಲವಂತೆ ಎಂಬ ಮಾತು ಅಪ್ಪನ ಕೂಗಾಟಕ್ಕಿಂತ ಚೆನ್ನಾಗಿ ಕೆರೆ ಕಾಯಿತು.

ಬೇಸಿಗೆಗೆ ನೀರು ಇಳಿದಾಗ ಬಲೆ ಹಾಕಿದರು. ನಾನು ಕೂಸನ್ನೆತ್ತಿಕೊಂಡು ತೌರಿಗೆ ಬಂದಿದ್ದೆ. ಕೆಲವು ದೊಡ್ಡ ಗೆಂಡೆಗಳನ್ನು ಮುಂದಿನ ವರ್ಷಕ್ಕೆಂದು ಮಡುವಿಗೇ ಬಿಟ್ಟು, ಮಾರುವುದನ್ನು ಬೇರೆ ತೆಗೆದು, ಉಳಿದ ಮೀನನ್ನು ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿದರು. ಯಾರಿಗೂ ಪಕ್ಷಪಾತವಾಗಬಾರದೆಂದು ಅಪ್ಪ ಗುಡ್ಡೆಗಳಿಗೆ ಬೆನ್ನು ಮಾಡಿ ನಿಂತ. ಒಬ್ಬ ಒಂದೊಂದು ಗುಡ್ಡೆ ತೋರಿಸಿ, "ಇದ್ಯಾರ್ಗೆ?" ಅನ್ನುವನು, ಅಪ್ಪ ನೋಡದೆ ಮನೆ ಹೇಳುವನು. ನಮ್ಮ ಮನೆಯ ಹೆಸರು ಬರಲಿಲ್ಲ.

ಅವತ್ತು ನಾವು ಹುರುಳಿ ಸಾರು ಉಣ್ಣಲು ಕೂತಿದ್ದಾಗ ಎದುರುಮನೆ ಅತ್ತೆ ಬಟ್ಟಲು ಹಿಡಿದು ಬಂದಳು. ಅವಳ ಗುಡ್ಡೆಯ ಮೀನಿನಲ್ಲಿ ತತ್ತಿ ಸಿಕ್ಕಿತ್ತಂತೆ, ಹುರಿದು ತಂದಿದ್ದಳು.

"ಗುಡ್ಡೆ ಇಲ್ದಿದ್ರೆ ಏನಾಯ್ತು? ನಿಂಗೆ ತತ್ತಿ ಅಂದ್ರೆ ಪ್ರಾಣ ಅಲ್ವಾ ಅಕ್ಕ. ನನ್ನೆದ್ರುಗೇ ತಿನ್ನು, ನಾನು ನೋಡ್ಬೇಕು."

ಅವ್ವ ಬಟ್ಟಲು ತೆಗೆದುಕೊಂಡಳು. ಅಪ್ಪ ಎದ್ದು ಹೊರಗೆ ಹೋದ. ಅವ್ವ ಒಂದೊಂದೇ ತುತ್ತು ನುಂಗಿದಳು, ಕಣ್ಣಲ್ಲಿ ನೀರು ಬಂತು. "ಖಾರ ವೈನಾಗೈತೆ ಕಣವ್ವ" ಅಂದಳು.

"ಮಗ್ಳಿಗೂ ಒಸಿ ಕೊಡು."

"ಅವ್ಳಿಗೆ ಸೇರಾಕಿಲ್ಲ," ಎಂದು ಅವ್ವ ಬಟ್ಟಲು ಬಳಿದು ಮುಗಿಸಿದಳು.

ಅತ್ತೆ ಹೋದ ಮೇಲೆ ಹಿತ್ತಲಿನಲ್ಲಿ ಅವ್ವ ವಾಂತಿ ಮಾಡಿಕೊಂಡ ಸದ್ದು ಕೇಳಿಸಿತು. ಬಾಯಿ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ತೊಡೆಯ ಮೇಲಿದ್ದ ಕೂಸನ್ನು ನಿಧಾನಕ್ಕೆ ಒಂದು ಮಗ್ಗುಲಿಗೆ ತಿರುಗಿಸಿ, ಕಿವಿಯ ಹಿಂದೆ ಬೆರಳಾಡಿಸಿ ನೋಡಿದಳು. ಇನ್ನೊಂದು ಕಿವಿಯನ್ನೂ ನೋಡಿದಳು.

"ಒಣಗೇ ಅವೆ ಮಗಾ," ಅಂದಳು. "ಒಂಚೂರೂ ಸೋರಿಲ್ಲ."