ರಿಸರ್ವ್ ಟ್ಯಾಂಕಿನ ಒಂಬತ್ತು ಲೀಟರ್

ಬೆಳಗಿನ ಐದೂಮುಕ್ಕಾಲು. ಗಡಿಯಾಚೆ, ಜಹೀರಾಬಾದಿನ ಹತ್ತಿರದ ನ್ಯಾಲ್ಕಲ್ ಮಂಡಲದ ಹಳ್ಳಿಯೊಂದರ ಹೊರಗೆ, ಕಬ್ಬಿನ ಹೊಲಕ್ಕೂ ಶುಂಠಿ ಮಡಿಗಳಿಗೂ ನಡುವೆ, ಆರುನೂರು ಮೀಟರ್ ಉದ್ದದ ಕೆಮ್ಮಣ್ಣಿನ ಪಟ್ಟಿ. ಅದರ ತುದಿಗೊಂದು ತಗಡಿನ ಶೆಡ್ಡು. ಒಳಗೆ ಇಬ್ಬಿಬ್ಬರು ಕೂರುವಂಥ ಎರಡು ಪುಟ್ಟ ವಿಮಾನಗಳಿವೆ. ಯಾವ ಕಾರ್ಖಾನೆಯಿಂದಲೂ ಬಂದವಲ್ಲ ಇವು. ಹವ್ಯಾಸದ ಹುಚ್ಚು ಹತ್ತಿದವರು ನಕ್ಷೆ ತರಿಸಿಕೊಂಡು, ವರ್ಷಗಟ್ಟಲೆ ಕೂತು, ತಮ್ಮ ಮನೆಯಂಗಳದಲ್ಲೇ ಕಟ್ಟಿದವು. ಹಾರಿಸುವವರು ಇನ್ನೂ ಬಂದಿಲ್ಲ. ಅಮೃತಬಾಯಿ ಬಂದು ಅರ್ಧ ಗಂಟೆಯಾಗಿದೆ.

ಐವತ್ತೆರಡು ವರ್ಷದ ಈ ಹೆಂಗಸು ಸೆರಗನ್ನು ಸೊಂಟಕ್ಕೆ ಬಿಗಿದು, ಗೋಣಿತಟ್ಟು ಹಾಸಿ, ವಿಮಾನದ ಹೊಟ್ಟೆಯ ಕೆಳಗೆ ಅಂಗಾತ ಮಲಗುತ್ತಾರೆ. ಟ್ಯಾಂಕಿನ ತಳದ ತಿರುಪು ಸಡಿಲಿಸಿ ಗಾಜಿನ ಲೋಟಕ್ಕೆ ಒಂದಿಷ್ಟು ಪೆಟ್ರೋಲು ಇಳಿಸುತ್ತಾರೆ. ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ರಾತ್ರಿಯ ತಂಪಿಗೆ ಟ್ಯಾಂಕಿನೊಳಗೆ ಬೆವರಿದ ನೀರು ತಳದಲ್ಲಿ ಸಣ್ಣ ಗುಂಡಿನ ಹಾಗೆ ಕೂತಿರುತ್ತದೆ. ಇಂದು ಎರಡು ಹನಿ ಸಿಕ್ಕಿದೆ. ಲೋಟ ಚೆಲ್ಲಿ ಮತ್ತೆ ಹಿಡಿಯುತ್ತಾರೆ. ಮೂರನೆಯ ಸಲ ಲೋಟ ಸ್ವಚ್ಛ.

"ಎರಡು ಹನಿ ಅಂದ್ರ ಏನಾತು ಅಂತೀರಿ. ನೆಲದ ಮ್ಯಾಲ ಏನೂ ಆಗಂಗಿಲ್ಲ. ಮ್ಯಾಲ ಹೋದಾಗ ಅದೇ ಎರಡು ಹನಿ ಇಂಜಿನ್ ಕುತ್ತಿಗಿ ಹಿಡೀತದ," ಎನ್ನುತ್ತಾರೆ, ಮಲಗಿದಲ್ಲಿಂದಲೇ.

ಈ ವಿಮಾನಗಳಿಗೆ ಎರಡೆರಡು ಟ್ಯಾಂಕು. ಆಸನದ ಹಿಂದಿರುವುದು ಮೇನ್, ಮೂವತ್ತು ಲೀಟರು. ಸುಮಾರು ಎರಡು ಗಂಟೆ ಹಾರಬಹುದು. ಮೂತಿಯೊಳಗೆ ಇರುವುದು ರಿಸರ್ವ್, ಒಂಬತ್ತು ಲೀಟರು. ಅರ್ಧ ಗಂಟೆಗೆ ತುಸು ಹೆಚ್ಚು. ಹಳೆಯ ಬೈಕು ಓಡಿಸಿದವರಿಗೆ ಇದು ಹೊಸತಲ್ಲ. ಗಾಡಿ ಮುಗ್ಗರಿಸಿದರೆ ಕೈ ಕೆಳಗಿಳಿಸಿ ಪೆಟ್ರೋಲಿನ ಕಾಕ್ ತಿರುಗಿಸಿ ರಿಸರ್ವಿಗೆ ಹಾಕುತ್ತಿದ್ದೆವು. ಇಲ್ಲಿಯೂ ಒಂದು ಕಾಕ್ ಇದೆ, ಎರಡು ಆಸನಗಳ ನಡುವೆ, ನೆಲಕ್ಕೆ ಹತ್ತಿರ. ಬೈಕಿನಲ್ಲಿ ಅದು ತಿರುಗದಿದ್ದರೆ ಗಾಡಿ ತಳ್ಳಿಕೊಂಡು ಹೋಗಬಹುದಿತ್ತು.

ಅಮೃತಬಾಯಿಯ ಕೆಲಸ ಇಷ್ಟೇ: ಎರಡೂ ಟ್ಯಾಂಕಿನಲ್ಲಿ ಎಷ್ಟಿದೆ, ಎಂಥದಿದೆ, ಒಂದರಿಂದ ಇನ್ನೊಂದಕ್ಕೆ ಕಾಕ್ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡುವುದು. ಒಂದು ವಿಮಾನಕ್ಕೆ ನಲವತ್ತು ನಿಮಿಷ ಹಿಡಿಯುತ್ತದೆ. ಕಾಕ್ ಒಂದನ್ನೇ ಹತ್ತು ಸಲ ತಿರುಗಿಸುತ್ತಾರೆ, ಐದು ಸಲ ಬಲಗೈಯಿಂದ, ಐದು ಸಲ ಎಡಗೈಯಿಂದ.

ಜಹೀರಾಬಾದಿನಲ್ಲಿ ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕೊಂದರಲ್ಲಿ ಅವರು ಹದಿನಾಲ್ಕು ವರ್ಷ ಪೆಟ್ರೋಲು ಹಾಕಿದ್ದಾರೆ. ಗಂಡ ಶರಣಪ್ಪ ಕೊಹೀರಿನಲ್ಲಿ ಶಾಲೆಯ ವ್ಯಾನು ಓಡಿಸುತ್ತಾರೆ. ಒಂದು ಮಳೆಗಾಲ ಬಂಕಿನ ನೆಲದೊಳಗಿನ ಟ್ಯಾಂಕಿಗೆ ನೀರು ಇಳಿದಿತ್ತು. ಪಂಪಿನ ಸದ್ದು ಬದಲಾದದ್ದು ಅಮೃತಬಾಯಿಯ ಕಿವಿಗೆ ಬಿತ್ತು. ಸಾಲು ನಿಂತ ಗಾಡಿಗಳ ಮುಂದೆ ಪೈಪನ್ನು ಕೊಂಡಿಗೆ ಸಿಕ್ಕಿಸಿ, ಹಾಕುವುದಿಲ್ಲ ಎಂದು ನಿಂತುಬಿಟ್ಟರು. ಮ್ಯಾನೇಜರು ಎಲ್ಲರೆದುರು ಬೈದ. ಆ ಸಾಲಿನಲ್ಲಿ ಸ್ಕೂಟರ್ ಹಿಡಿದು ನಿಂತಿದ್ದವರು ಲಕ್ಷ್ಮೀಕಾಂತ ಮಾಸ್ತರು. ತಾಂಡೂರಿನವರು. ಹುಡುಗರಿಗೆ ವರ್ಕ್‌ಶಾಪ್ ಕೆಲಸ ಕಲಿಸಿ ನಿವೃತ್ತರಾದವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂಬತ್ತು ವರ್ಷದಿಂದ ಒಂದು ವಿಮಾನ ಕಟ್ಟುತ್ತಿದ್ದರು.

"ನಾ ವಿಮಾನ ಕಟ್ಟೀನಿ, ಅದಕ್ಕ ಎಣ್ಣಿ ನೋಡಾಕ ನೀ ಬಾ ಅಂದ್ರು. ನಾ ನಕ್ಕೆ. ಚಾಷ್ಟಿ ಮಾಡ್ಲಿಕತ್ತಾರ ಅಂದ್ಕೊಂಡೆ. ಮರುದಿನ ಖರೇನೇ ಬಂದ್ರು."

ಮಾಸ್ತರು ಕಲಿಸಿದರು. ಗಾಜಿನ ಕೊಳವೆಗೆ ನೀರು ಹಾಕಿ ಗೆರೆ ಎಳೆಯಬೇಕು, ಮೇಲೆ ಪೆಟ್ರೋಲು ಸುರಿದು ಕುಲುಕಬೇಕು, ನಿಲ್ಲಲು ಬಿಡಬೇಕು. ನೀರಿನ ಮಟ್ಟ ಗೆರೆ ದಾಟಿ ಏರಿದರೆ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದೆ. ಅದು ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ಆದ್ದರಿಂದ ಹೈದರಾಬಾದಿನಿಂದ ಡ್ರಮ್ಮಿನಲ್ಲಿ ಬರುವ ವಿಮಾನದ ಪೆಟ್ರೋಲನ್ನೇ ಹಾಕಬೇಕು. ಎರಡು ವರ್ಷ ಎಲ್ಲ ಸರಿಯಾಗಿ ನಡೆಯಿತು. ನಾಲ್ಕು ವರ್ಷದ ಹಿಂದಿನ ಬೇಸಿಗೆಯಲ್ಲಿ ಡ್ರಮ್ಮು ಬರುವುದು ನಿಂತಿತು. ಸದ್ಯಕ್ಕೆ ಬಂಕಿನದೇ ಇರಲಿ ಎಂದರು ಮಾಸ್ತರು. ಕ್ಯಾನುಗಳಲ್ಲಿ ಹೊತ್ತು ತಂದವರು ಅಮೃತಬಾಯಿ.

ಆ ವರ್ಷದ ಜುಲೈ. ಎಂಟು ದಿನ ಬಿಡದೆ ಸುರಿದ ಮಳೆ ಒಂದು ಬೆಳಗ್ಗೆ ನಿಂತು ಆಕಾಶ ಬಿಚ್ಚಿತು. ಈ ಪಟ್ಟಿಯಿಂದಲೇ ಎದ್ದು, ನಾರಾಯಣಖೇಡದ ಮೇಲಿಂದ ಸುತ್ತಿ ತಾಂಡೂರಿಗೆ ಹೋಗಿ ಬರುವುದು ಮಾಸ್ತರ ಲೆಕ್ಕ. ಅವರ ಹೆಂಡತಿ ಮಂಗಲಾ ಆ ವಿಮಾನ ಶೆಡ್ಡಿನಲ್ಲಿ ಬೆಳೆಯುವುದನ್ನು ನೋಡಿದ್ದರೇ ಹೊರತು ಹಾರುವುದನ್ನು ನೋಡಿರಲಿಲ್ಲ. ಅಮೃತಬಾಯಿ ಎರಡೂ ಟ್ಯಾಂಕು ಕಂಠದವರೆಗೆ ತುಂಬಿಸಿದರು. ಕಾಕ್ ತಿರುಗಿಸಿದಾಗ ಕೈಗೆ ಬಿಗಿ ಹತ್ತಿತು. ಎರಡು ಕೈ ಹಾಕಿದ ಮೇಲೆ ತಿರುಗಿತು.

"ಮಾಸ್ತರ್ರೇ, ಕಾಕ್ ಬಿಗಿ ಆಗ್ಯಾದ್ರಿ ಅಂದೆ. ಅವ್ರು ತಾವೂ ತಿರುಗಿಸಿ ನೋಡಿದ್ರು. ತಿರುಗ್ತದಲ್ಲ ಅಮೃತಾ, ಬಂದಮ್ಯಾಲ ಬಿಚ್ಚಿ ನೋಡಾಮು, ಈಗ ಗಾಳಿ ಏಳ್ತದ ಅಂದ್ರು. ನಾ ಮುಚ್ಚಳ ಬಿಗಿ ಮಾಡ್ದೆ."

ಗಾಳಿ ನಿಜಕ್ಕೂ ಎದ್ದಿತು. ತಾಂಡೂರಿನವರೆಗೆ ಎದುರುಗಾಳಿ. ಅಷ್ಟಾದರೂ ಮಾಸ್ತರು ತಮ್ಮ ಮನೆಯ ಮೇಲೆ ಸುತ್ತು ಹಾಕಿದರು. ಮಂಗಲಾ ಮಾಳಿಗೆಯ ಮೇಲೆ ನಿಂತು ಟವೆಲ್ ಬೀಸಿದರು. ಅಲ್ಲಿಂದ ತಿರುಗಿ ಹೊರಟ ಕೆಲವೇ ನಿಮಿಷಕ್ಕೆ, ಪೆದ್ದೆಮುಲ್ ಕಡೆಯ ಹೊಲಗಳ ಮೇಲೆ, ಇಂಜಿನ್ನಿನ ಸದ್ದು ನಿಂತುಹೋಯಿತೆಂದು ಕೆಳಗೆ ಕಳೆ ತೆಗೆಯುತ್ತಿದ್ದವರು ಹೇಳಿದರು. ವಿಮಾನ ತೊಗರಿ ಹೊಲಕ್ಕೆ ಇಳಿಯಿತು, ಬದುವಿಗೆ ಗಾಲಿ ತಾಗಿ ಮಗುಚಿತು. ಮಾಸ್ತರು ಎರಡು ದಿನ ಎಚ್ಚರವಿಲ್ಲದೆ ಇದ್ದು ತೀರಿಕೊಂಡರು.

ಮೊದಲ ವಾರ ಎಲ್ಲರ ಬಾಯಲ್ಲೂ ಒಂದೇ ಮಾತು: ಪೆಟ್ರೋಲು ಕಡಿಮೆ ಹಾಕಿದ್ದಾಳೆ, ಉಳಿದದ್ದನ್ನು ಮಾರಿಕೊಂಡಿದ್ದಾಳೆ. ಬಂಕಿನವಳಲ್ಲವೇ ಎಂದೂ ಸೇರಿಸಿದರು. ಶರಣಪ್ಪನ ವ್ಯಾನಿಗೆ ಮಕ್ಕಳನ್ನು ಹತ್ತಿಸಲು ಬಂದ ತಾಯಂದಿರೂ ಕೇಳಿದರಂತೆ. ಮೂರು ವಾರದ ನಂತರ ತನಿಖೆಗೆ ಬಂದವರು ಮೂತಿಯ ಟ್ಯಾಂಕು ತೆರೆದು ನೋಡಿದರು. ರಿಸರ್ವ್ ತುಂಬಿತ್ತು. ಒಂಬತ್ತಕ್ಕೆ ಒಂಬತ್ತೂ ಲೀಟರು. ಮೇನ್ ಒಣಗಿತ್ತು. ಕಾಕಿನ ಹಿಡಿ ಅರ್ಧಕ್ಕೆ ನಿಂತಿತ್ತು. ಕಾಕ್ ತಿರುಗಿಸುವುದು ಚಾಲಕರಿಗೆ ತೀರಾ ತಡವಾಗಿ ನೆನಪಾಗಿರಬೇಕು, ನಿಮ್ಮದೇನೂ ತಪ್ಪಿಲ್ಲ, ಹೇಳಿಕೆಗೆ ಸಹಿ ಮಾಡಿ ಹೋಗಿ ಎಂದರು.

ಅಮೃತಬಾಯಿ ಸಹಿ ಮಾಡಲಿಲ್ಲ. ನಾಳೆ ಬರುತ್ತೇನೆ ಎಂದು ಹೇಳಿ ತಾಂಡೂರಿನ ಬಸ್ಸು ಹತ್ತಿದರು.

"ಸಹಿ ಮಾಡಿದ್ರ ನನ್ನ ಮ್ಯಾಲಿನ ಮಾತು ಮುಗೀತಿತ್ತು. ಆದ್ರ ಮಾಸ್ತರ್ರು ಮರ್ತಾರ ಅಂತ ಆಗ್ತಿತ್ತು. ಅವ್ರು ಮರೆಯೋ ಮನುಷ್ಯಾ ಅಲ್ರಿ. ತಿರುಗಿಸ್ಯಾರ. ಅದು ತಿರುಗಿಲ್ಲ. ಅದು ನನಗೊಬ್ಬಾಕಿಗೇ ಗೊತ್ತಿತ್ತು."

ತನಿಖೆಯವರಿಗೆ ಹೇಳುವ ಮೊದಲು ಮಂಗಲಾ ಅವರಿಗೆ ಹೇಳಬೇಕು ಅನ್ನಿಸಿತು ಅಮೃತಬಾಯಿಗೆ. ತಾಂಡೂರಿನ ಆ ಮನೆಯ ಅಂಗಳದ ಕಲ್ಲುಹಾಸಿನ ಮೇಲೆ ಮಂಗಲಾ ಹೆಸರುಬೇಳೆ ಹಸನು ಮಾಡುತ್ತಾ ಕೂತಿದ್ದರು. ಅಂದು ನಡೆದ ಮಾತನ್ನು ಅಮೃತಬಾಯಿ ನನ್ನೆದುರು ಏರಿಳಿತವಿಲ್ಲದ ಧ್ವನಿಯಲ್ಲಿ ಹೇಳುತ್ತಾರೆ.

"ಅಕ್ಕಾ, ಮಾಸ್ತರ್ರು ಮರ್ತಿಲ್ಲ. ಕಾಕ್ ತಿರುಗಿಲ್ಲ."

"ನಿನಗ ಹೆಂಗ ಗೊತ್ತು?"

"ಮುಂಜಾನಿ ನನ್ನ ಕೈಗಿ ಬಿಗಿ ಹತ್ತಿತ್ತು. ಹೇಳ್ದೆ. ಬಂದಮ್ಯಾಲ ನೋಡಾಮು ಅಂದ್ರು."

ಮಂಗಲಾ ಮೊರದೊಳಗಿನ ಕೈ ಎತ್ತಲಿಲ್ಲ. ಮೊರ ನೋಡುತ್ತಲೇ ಕೇಳಿದರು.

"ಮತ್ತ ಯಾಕ ಬಿಟ್ಟಿ?"

"ಹೋಗು ಅಂದ್ರು. ಎದ್ದು ಬಂದೆ," ಎಂದಷ್ಟೇ ಹೇಳಿ ಅಮೃತಬಾಯಿ ಕೈಯಲ್ಲಿದ್ದ ಚಿಂದಿಯನ್ನು ಮಡಚುತ್ತಾರೆ, ಬಿಚ್ಚುತ್ತಾರೆ.

ಮರುದಿನ ಅವರು ತನಿಖೆಯವರಿಗೆ ಎಲ್ಲ ಹೇಳಿದರು. ಕಾಕನ್ನು ಬಿಚ್ಚಿಸಿ ನೋಡಿದಾಗ ಒಳಗಿನ ರಬ್ಬರ್ ಉಂಗುರ ಉಬ್ಬಿ ತಿರುಚಿಕೊಂಡಿತ್ತು. ಹಿಡಿ ಮೇನ್ ಬಿಟ್ಟು ಬಂದಿತ್ತು, ರಿಸರ್ವ್ ಮುಟ್ಟಿರಲಿಲ್ಲ. ವರದಿಯಲ್ಲಿ ಮಾಸ್ತರ ಮೇಲಿನ ಆರೋಪ ಹೋಯಿತು. ಬಿಗಿ ಕಂಡುಬಂದಿದ್ದರೂ ವಿಮಾನವನ್ನು ಹಾರಲು ಬಿಡಲಾಯಿತು ಎಂಬ ಸಾಲು ಸೇರಿತು. ಆ ಸಾಲಿನಲ್ಲಿ ಅಮೃತಬಾಯಿಯ ಹೆಸರಿದೆ.

ಮುಂದಿನ ಎಂಟು ತಿಂಗಳು ಯಾರೂ ಅವರನ್ನು ಕರೆಯಲಿಲ್ಲ. ಹಳೆಯ ಬಂಕಿನವರು ಜಾಗ ಖಾಲಿ ಇಲ್ಲ ಎಂದರು. "ನಿನ್ನ ಯಾರು ಕೇಳಿದ್ರು, ನೀ ಯಾಕ ಹೇಳ್ದಿ ಅಂತ ನಮ್ಮ ಮನಿಯವ್ರು ಒಮ್ಮೆ ಅಂದ್ರು. ಮತ್ತ ಅನ್ನಲಿಲ್ಲ." ಬಂಕಿನಲ್ಲಿ ಮ್ಯಾನೇಜರನಿಗೆ ಬೇಡ ಎಂದು ನಿಂತವಳು ತನ್ನನ್ನು ಗೌರವದಿಂದ ಕಂಡ ಮನುಷ್ಯನಿಗೆ ಯಾಕೆ ಬೇಡ ಅನ್ನಲಿಲ್ಲ ಎಂಬುದನ್ನು ಆ ತಿಂಗಳುಗಳಲ್ಲಿ ದಿನವೂ ಕೇಳಿಕೊಂಡೆ ಎನ್ನುತ್ತಾರೆ. ಬೈಯುವವರ ಮುಂದೆ ಬೇಡ ಅನ್ನುವುದು ಸುಲಭ ಎಂಬಲ್ಲಿಗೆ ಅವರ ಯೋಚನೆ ಬಂದು ನಿಲ್ಲುತ್ತದೆ.

ಕೊನೆಗೆ ಕರೆದವರು ಈ ಮಣ್ಣಿನ ಪಟ್ಟಿಯ ಮಾಲೀಕ, ಜಹೀರಾಬಾದಿನ ಬೀಜ ವ್ಯಾಪಾರಿ ಸಂಜೀವಕುಮಾರ. ಅವರದೂ ಒಂದು ವಿಮಾನವಿದೆ. ಯಾಕೆ ಅಮೃತಬಾಯಿಯನ್ನೇ ಕರೆದಿರಿ ಎಂದು ಕೇಳಿದೆ. "ತನ್ನ ಮ್ಯಾಲ ತಾನೇ ಹೇಳ್ಕೊಂಡಾಕಿ, ನನ್ನ ವಿಮಾನದಾಗ ಏನರ ಇದ್ರ ಹೇಳದೆ ಬಿಡ್ತಾಳೇನ್ರಿ?" ಅಂದರು.

ಅಮೃತಬಾಯಿ ಒಂದು ಷರತ್ತು ಹಾಕಿ ಬಂದರು. ತಾನು ಬೇಡ ಎಂದರೆ ಅಂದು ವಿಮಾನ ಏಳಬಾರದು, ಯಾಕೆ ಎಂದು ವಾದಿಸಬಾರದು. ಹಾರುವವರು ಆಸನದಲ್ಲಿ ಕೂತು, ಕಣ್ಣು ಮುಚ್ಚಿ, ಕೈಯಿಂದಲೇ ಕಾಕ್ ಹುಡುಕಿ ಮೇನ್‌ನಿಂದ ರಿಸರ್ವಿಗೆ, ರಿಸರ್ವಿನಿಂದ ಮೇನ್‌ಗೆ ತಿರುಗಿಸಿ ತೋರಿಸಬೇಕು. ಎದ್ದ ಮೇಲೆ ಸಾಕಷ್ಟು ಎತ್ತರಕ್ಕೆ ಹೋಗಿ, ಈ ಹೊಲಗಳ ಮೇಲೆಯೇ ಐದು ನಿಮಿಷ ರಿಸರ್ವಿನಲ್ಲಿ ಸುತ್ತಬೇಕು. ಸರಿಯಿದ್ದರೆ ರೆಕ್ಕೆ ಅಲುಗಿಸಿ, ಮೇನ್‌ಗೆ ಮರಳಿ, ದಾರಿ ಹಿಡಿಯಬಹುದು. ಇಂಜಿನ್ ನಿಂತರೂ ಕೆಳಗೆ ಪಟ್ಟಿ ಇರುತ್ತದೆ. ಆ ಐದು ನಿಮಿಷ ಅಮೃತಬಾಯಿ ಪಟ್ಟಿಯ ಅಂಚಿನಲ್ಲಿ ನಿಂತು ಕಿವಿಗೊಡುತ್ತಾರೆ. ಆಗ ಯಾರು ಮಾತಾಡಿಸಿದರೂ ತಿರುಗುವುದಿಲ್ಲ.

ಕಳೆದ ವರ್ಷ ಅವರು ಹನ್ನೊಂದು ಸಲ ಬೇಡ ಎಂದಿದ್ದಾರೆ. ಬಿಚ್ಚಿ ನೋಡಿದಾಗ ಒಂಬತ್ತು ಸಲ ಏನೂ ಸಿಕ್ಕಿಲ್ಲ. ಇನ್ನೊಂದು ವಿಮಾನದ ಒಡೆಯ, ಜಹೀರಾಬಾದಿನ ಹಲ್ಲಿನ ಡಾಕ್ಟರು ಕ್ರಾಂತಿಕುಮಾರ, ಒಮ್ಮೆ ಸಿಟ್ಟಾಗಿ ಕಾರು ತಿರುಗಿಸಿಕೊಂಡು ಹೋದವರು ಒಂದು ತಿಂಗಳು ಈ ಕಡೆ ಬರಲಿಲ್ಲ. ಉಳಿದ ಎರಡು ಸಲ ಸಿಕ್ಕದ್ದು: ಟ್ಯಾಂಕಿಗೆ ಗಾಳಿ ಆಡುವ ಸಣ್ಣ ಕೊಳವೆಯಲ್ಲಿ ಕಣಜದ ಮಣ್ಣಿನ ಗೂಡು, ಮತ್ತು ಪೈಪಿನ ಕೀಲಿನಲ್ಲಿ ಕೂದಲೆಳೆಯಷ್ಟು ಬಿರುಕು. ಬಿರುಕು ಇದ್ದದ್ದು ಡಾಕ್ಟರ ವಿಮಾನದಲ್ಲೇ. ಅಂದಿನಿಂದ ಅವರು ಕಣ್ಣು ಮುಚ್ಚಿ ಎಂದರೆ ಮುಚ್ಚುತ್ತಾರೆ.

ಇದರಿಂದ ಮನಸ್ಸು ಹಗುರಾಗಿದೆಯೇ ಎಂದು ಅಮೃತಬಾಯಿಯನ್ನು ಕೇಳಿದೆ. ಕೇಳಬಾರದಿತ್ತು. "ಇಲ್ರಿ," ಎಂದರು. "ಇವ್ರು ಸುಖರೂಪ ಬಂದ್ರ ಅವ್ರು ಬಂದಂಗ ಆಗ್ತದೇನು."

ಈ ಸಂಕ್ರಾಂತಿ ಮುಗಿದ ಮರುವಾರ ಒಂದು ಬೆಳಗ್ಗೆ ನ್ಯಾಲ್ಕಲ್ ಕಡೆಯ ಆಟೋದಿಂದ ಮಂಗಲಾ ಇಳಿದರು. ಹಿಂದಿನ ಸಂಜೆಯೇ ತಾಂಡೂರಿನಿಂದ ಹೊರಟು, ಜಹೀರಾಬಾದಿನ ನೆಂಟರ ಮನೆಯಲ್ಲಿದ್ದು ಬಂದಿದ್ದರು. ನಾಲ್ಕು ವರ್ಷದಲ್ಲಿ ಮೊದಲ ಸಲ. ಶೆಡ್ಡಿನ ಬಾಗಿಲಲ್ಲಿದ್ದ ಖಾಲಿ ಡ್ರಮ್ಮಿನ ಮೇಲೆ ಕೂತು ಪೂರಾ ಕೆಲಸ ನೋಡಿದರು. ಅಮೃತಬಾಯಿಯ ಕೈಯಿಂದ ಗಾಜಿನ ಲೋಟ ಎರಡು ಸಲ ಚೆಲ್ಲಿತು. ಸಂಜೀವಕುಮಾರ ಬಂದರು, ಕಣ್ಣು ಮುಚ್ಚಿ ಕಾಕ್ ತಿರುಗಿಸಿದರು, ಎದ್ದರು, ಸುತ್ತಿದರು, ರೆಕ್ಕೆ ಅಲುಗಿಸಿ ಹೋದರು. ಸದ್ದು ಅಡಗಿದ ಮೇಲೆ ಮಂಗಲಾ ಕೇಳಿದರು.

"ಆ ಕಾಕ್ ಬಿಚ್ಚಿ ನೋಡಾಕ ಎಷ್ಟೊತ್ತು ಹಿಡೀತಿತ್ತು?"

"ಒಂದು ತಾಸು, ಅಕ್ಕಾ."

"ಒಂದೇ ತಾಸು?"

"ಹೌದ್ರಿ."

ಮಂಗಲಾ ತಲೆಯಾಡಿಸಿ ಎದ್ದರು. ಸೀರೆಗೆ ಹತ್ತಿದ ಕೆಂಪು ಮಣ್ಣು ಕೊಡವಿಕೊಂಡು ರಸ್ತೆಯವರೆಗೆ ನಡೆದು ಹೋದರು. ಆಟೋ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಒಬ್ಬರು ರಸ್ತೆಯಂಚಿನಲ್ಲಿ, ಇನ್ನೊಬ್ಬರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು.

ಈಗ ನಿಮಗೇನು ಬೇಕು ಎಂದು ಹೊರಡುವ ಮುನ್ನ ಅಮೃತಬಾಯಿಯನ್ನು ಕೇಳುತ್ತೇನೆ. ಕೈ ತೊಳೆಯುತ್ತಿದ್ದವರು ಸೋಪನ್ನು ಇನ್ನೊಮ್ಮೆ ಹಚ್ಚಿಕೊಳ್ಳುತ್ತಾರೆ. ಪೆಟ್ರೋಲಿನ ವಾಸನೆ ಅಷ್ಟು ಬೇಗ ಹೋಗುವಂಥದಲ್ಲ.

"ಆವತ್ತು ಅಕ್ಕಗ ಚಾ ಬೇಕೇನು ಅಂತ ಕೇಳಲಿಲ್ಲ ನಾ. ಅಷ್ಟು ದೂರದಿಂದ ಬಂದಿದ್ಳು, ಹಂಗೇ ಹೋದಳು. ಇನ್ನೊಮ್ಮಿ ಬಂದ್ರ ಕೇಳ್ತೀನಿ. ಕುಡೀಲಿ, ಬಿಡಲಿ. ಕೇಳ್ತೀನಿ."