ಗೌರತ್ತೆಯ ಕೈಗುಣ

ಕುಂದಲಹಳ್ಳಿಯಲ್ಲಿ ಬೆಳಗಿನ ಕೋಳಿಕೂಗಿಗೆ ಯಾರೂ ಮುನಿಸಿಕೊಳ್ಳದಿದ್ದ ಕಾಲ ಅದು. ನಮ್ಮ ಕಾಂಪೌಂಡಿನ ಆಚೆ ಗಾಜಿನ ಆಫೀಸು ಏಳುತ್ತಿತ್ತು. ಈಚೆ ತಿಪ್ಪೆ, ನುಗ್ಗೆಮರ, ಗೌರತ್ತೆಯ ಬ್ಯಾಂಟಮ್ ಕೋಳಿಗಳು. ಗೌರತ್ತೆ ಅಪ್ಪನ ತಂಗಿ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ವಾಪಸ್ ಕಳಿಸಿಬಿಟ್ಟಿದ್ದರು.

ನಡೆದರೆ ಹೊಟ್ಟೆ ನೆಲಕ್ಕೆ ತಾಗುವಂಥ ಪುಟ್ಟ ಕೋಳಿಗಳವು. ಕಾಲು ಗಿಡ್ಡವಾದಷ್ಟೂ ಚೆಂದ ಅಂತ ಅತ್ತೆ ಎಲ್ಲಕ್ಕಿಂತ ಗಿಡ್ಡ ಹುಂಜವನ್ನೇ ಗಿಡ್ಡ ಹೇಂಟೆಗೆ ಜೋಡಿ ಮಾಡುತ್ತಿದ್ದಳು. ಆ ಬೇಸಿಗೆ ರಜೆಯಲ್ಲಿ ಹೇಂಟೆಯನ್ನು ಕಾವಿಗೆ ಕೂರಿಸಿದಳು. ಮಂಕರಿಗೆ ರಾಗಿಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಚೂರನ್ನೂ ಇಟ್ಟಳು. ಆ ಹುಲ್ಲಿನ ಬೆಚ್ಚನೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಕಾವಿಗೆ ಮೊಟ್ಟೆ ಇಡುವವರ ಕೈಗುಣ ಚೆನ್ನಾಗಿದ್ದರೆ ಎಲ್ಲವೂ ಮರಿಯಾಗುತ್ತವೆ ಅನ್ನುವುದು ನಮ್ಮಲ್ಲಿನ ನಂಬಿಕೆ. ಮರಿಗಳೇನೋ ಹೊರಬಂದವು, ಆದರೆ ಕೆಲವು ಮೊಟ್ಟೆ ಹಾಗೇ ಉಳಿದವು. ಅಜ್ಜಿ ಒಡೆದು ನೋಡಿದರೆ ಒಳಗೆ ಪೂರ್ತಿ ಬೆಳೆಯದ ಮರಿಗಳು ಸತ್ತಿದ್ದವು.

"ಮಕ್ಕಳಿಲ್ಲದೋಳ ಕೈ. ಅದುಕ್ಕೇ ಇಂಗಾಗಿರೋದು" ಅಂದಳು ಅಜ್ಜಿ. ಹೆತ್ತ ತಾಯಿಯ ಬಾಯಲ್ಲಿ ಬಂದ ಮಾತದು.

ಎದ್ದು ನಿಲ್ಲಲಾಗದ ಒಂದು ಮರಿಯನ್ನು ಅತ್ತೆ ಸೆರಗಿನಲ್ಲಿ ಸುತ್ತಿಕೊಂಡು, ಬೆರಳ ತುದಿಯಿಂದ ಹನಿ ಹನಿ ನೀರು ಕುಡಿಸುತ್ತ ಕೂತಳು. ಸಂಜೆಗೆ ಅದೂ ಕತ್ತು ವಾಲಿಸಿತು.

"ಇದೊಂದಾದ್ರೂ ಉಳೀಬಾರ್ದಿತ್ತಾ, ಪುಟ್ಟೀ?" ಅಂದಳು. ನಾನೂ ಅತ್ತುಬಿಟ್ಟೆ.

ಹೇಂಟೆ ಮತ್ತೆ ಕಾವಿಗೆ ಬಂದಾಗ ಅಜ್ಜಿ ನನ್ನನ್ನು ಕರೆದಳು. "ಈ ಸಲ ಮಗೀನ ಕೈಲಿ ಇಡಿಸಾನ."

ಅತ್ತೆ ಹುಲ್ಲು ಹಾಸಿಕೊಟ್ಟು ದೂರ ನಿಂತಳು. ನಾನು ಉಬ್ಬಿಹೋಗಿ ಒಂದೊಂದೇ ಮೊಟ್ಟೆ ಇಟ್ಟೆ. ಆದರೆ ಆಗಲೂ ಕೆಲವು ಮರಿ ಮೊಟ್ಟೆಯೊಳಗೇ ಸತ್ತವು. ನಾನು ಅಳುಮೋರೆ ಮಾಡಿದ್ದಕ್ಕೆ ಅಜ್ಜಿ ತಲೆ ಸವರಿ, "ನಿಂದೇನೈತೆ ಬಿಡು ಮಗಾ, ಅವತ್ತು ಗುಡುಗಿತ್ತಲ್ಲ, ಅದುಕ್ಕೆ" ಅಂದಳು.

ಬಾಗಿಲಲ್ಲಿದ್ದ ಅತ್ತೆ ಮೆಲ್ಲಗೆ ಕೇಳಿದಳು: "ನಾನಿಟ್ಟಾಗ್ಲೂ ಗುಡುಗಿತ್ತಲ್ವಾಮ್ಮಾ?"

ಅಜ್ಜಿ ಚಿಪ್ಪುಗಳನ್ನು ಮೊರಕ್ಕೆ ಬಳಿದುಕೊಂಡಳು. ಆ ವಾರವೇ ಅತ್ತೆ ಕೋಳಿಗಳನ್ನೆಲ್ಲ ಸರ್ಜಾಪುರದ ನೆಂಟರಿಗೆ ಕೊಟ್ಟುಬಿಟ್ಟಳು.

ಮೊನ್ನೆ ಮೊನ್ನೆ ಪರಿಚಯದ ಪಶುವೈದ್ಯರೊಬ್ಬರು ಮಾತಿನ ನಡುವೆ ಹೇಳಿದರು: ಆ ತಳಿಯಲ್ಲಿ ಹುಂಜ, ಹೇಂಟೆ ಎರಡೂ ಗಿಡ್ಡಕಾಲಿನವಾದರೆ ಒಂದಿಷ್ಟು ಮರಿ ಮೊಟ್ಟೆಯಲ್ಲೇ ಸಾಯುತ್ತವಂತೆ. ಯಾರು ಇಟ್ಟರೂ ಅಷ್ಟೇ. ಹೇಳೋಣವೆಂದರೆ ಅತ್ತೆಯೇ ಇಲ್ಲ. ಆ ಹಿತ್ತಲೂ ಇಲ್ಲ, ಅಲ್ಲೀಗ ಬಾಡಿಗೆಯವರ ಬೈಕುಗಳು ನಿಲ್ಲುತ್ತವೆ.

ನನ್ನ ಮಗಳು ಹುಟ್ಟಿದಾಗ ಅತ್ತೆ ನೋಡಲು ಬಂದಿದ್ದಳು. "ಎತ್ಕೋ ಅತ್ತೆ" ಎಂದು ಕೂಸನ್ನು ಚಾಚಿದೆ. ಎರಡೂ ಕೈಯನ್ನು ಸೆರಗಿನಡಿ ಮುಚ್ಚಿಕೊಂಡು, "ಬೇಡ ಕಣೇ, ಇಲ್ಲಿಂದ್ಲೇ ನೋಡ್ತೀನಿ" ಅಂದಳು.