ಬೆಳ್ಳಿ ಹಿಡಿಯ ಮಡಿಕೋಲು

ನಮ್ಮ ಬಸವನಗುಡಿಯ ಮನೆಯ ಮಡಿಕೋಲಿಗೆ ಬೆಳ್ಳಿಯ ಹಿಡಿಯಿದೆ ಎಂದರೆ ನೀವು ನಗುತ್ತೀರಿ. ನಗಿ, ನನ್ನ ಅಭ್ಯಂತರವೇನಿಲ್ಲ. ಒದ್ದೆ ಬಟ್ಟೆಯನ್ನು ಮೇಲಿನ ಗಳುವಿಗೆ ಏರಿಸಲು ಎಲ್ಲರ ಮನೆಯಲ್ಲೂ ಉದ್ದನೆಯ ಬಿದಿರುಕೋಲಿದ್ದರೆ, ನಮ್ಮಲ್ಲಿರುವುದು ಗಿಡ್ಡನೆಯದೊಂದು ಬೆತ್ತ. ಅದಕ್ಕೆ ಎಟುಕಲೆಂದು ಗಳುವನ್ನೇ ತಗ್ಗಿಸಿ ಕಟ್ಟಿಸಿದ್ದೇನೆ.

ಬೆತ್ತ ಹಿಂದಿನ ಬೀದಿಯ ಶಾಮಣ್ಣನವರದು. ಯುದ್ಧ ಮುಗಿದಿದ್ದರೂ ರೇಷನ್ ಮುಗಿಯದಿದ್ದ ಆ ದಿನಗಳಲ್ಲಿ, ನಮ್ಮ ಯಜಮಾನರೂ ಸೇರಿ ನಾಲ್ಕಾರು ಗಂಡಸರು ಸಂಜೆ ಕಹಳೆಬಂಡೆಯ ಮೇಲೆ ಕುಳಿತು ಶಾಮಣ್ಣನವರ ಪರ್ವತಾರೋಹಣದ ಉಪನ್ಯಾಸವನ್ನು ಬಾಯಿ ತೆರೆದು ಕೇಳುತ್ತಿದ್ದರು. ಹಿಮಾಲಯವನ್ನು ಕ್ಯಾಲೆಂಡರಿನಲ್ಲಿ ದರ್ಶನ ಮಾಡಿದ್ದ ಮಹಾನುಭಾವರು, ಗಾಂಧಿಬಜಾರಿಗೆ ಹುರುಳಿಕಾಯಿ ತರಲು ಹೊರಟರೂ ಕಾಲಿಗೆ ಸಿಪಾಯಿ ಬೂಟು, ಕೈಯಲ್ಲಿ ಈ ಬೆತ್ತ. ಉತ್ತರನ ಪೌರುಷ ಒಲೆಯ ಮುಂದೆ ಎನ್ನುವುದು ಸುಮ್ಮನೆ ಅಲ್ಲ.

ಒಂದು ಕಾರ್ತಿಕದಲ್ಲಿ ಶಾಮಣ್ಣನವರ ಮುಂದಾಳತ್ವದಲ್ಲಿ ಮಾಗಡಿ ಕಡೆಯ ಬೆಟ್ಟಕ್ಕೆ ವನಭೋಜನ ಹೊರಟೆವು. ಹಿಂದಿನ ದಿನದಿಂದಲೇ ಮಳೆ ಜಡಿಯುತ್ತಿತ್ತು, ನಿಲ್ಲಿಸೋಣವೆಂದರೆ ಕೇಳುವವರಾರು? ಬಸ್ಸಿಳಿದು ಬೆಟ್ಟದ ಬುಡ ಸೇರಿದರೆ ಹಳ್ಳ ಕೆಂಪಗೆ ತುಂಬಿ, ದಾಟುಗಲ್ಲುಗಳೆಲ್ಲ ಮುಳುಗಿದ್ದವು. ಊಟ ನೆಲ್ಲಿಮರದ ಕೆಳಗೇ ಆಗಬೇಕೆಂಬುದು ಶಾಸ್ತ್ರ. ನೆಲ್ಲಿಮರವಿದ್ದದ್ದು ಆಚೆಯ ದಡದಲ್ಲಿ. ತಳ ಕಾಣದ ಆ ನೀರಿನೊಳಗೆ ಕಲ್ಲುಗಳು ಉರುಳುವ ಸದ್ದು ಕೇಳುತ್ತಿತ್ತು. ಅಂಥ ನೀರಿಗೆ ಕಾಲಿಡಬಾರದೆಂದು ತಿಳಿಯಲು ಉಪನ್ಯಾಸ ಬೇಕಿಲ್ಲ, ಎರಡು ಕಿವಿ ಸಾಕು.

ಮುಂದಾಳು ಹಿಂದೆ ನಿಂತು ಎಲ್ಲರನ್ನೂ ನೋಡಿಕೊಳ್ಳಬೇಕಂತೆ. ಹಾಗಾಗಿ ಮೊದಲು ಇಳಿಯುವ ಗೌರವ ಈಜು ಬಾರದ ನನ್ನ ಗಂಡನಿಗೆ, ಅದೂ ತಲೆಯ ಮೇಲೊಂದು ಪುಳಿಯೋಗರೆಯ ಡಬರಿಯೊಂದಿಗೆ.

“ಇಳೀಬೇಡಿ ಅಂದ್ರೆ,” ಎಂದೆ.

“ಏನ್ರೀ, ಹೆಂಡ್ತೀನ ಕೇಳ್ಕೊಂಡು ಬೆಟ್ಟ ಹತ್ತೋಕಾಗತ್ತಾ?” ಎಂದರು ಶಾಮಣ್ಣ.

ಅಷ್ಟು ಜನರ ಮುಂದೆ ಆ ಮಾತು ಬಿದ್ದದ್ದೇ ತಡ, ಇವರು ಒಂದು ಕಾಲನ್ನು ನೀರಿಗಿಟ್ಟೇಬಿಟ್ಟರು. ನಾನು ಶಾಮಣ್ಣನವರ ಕೈಯಿಂದ ಬೆತ್ತ ಕಿತ್ತುಕೊಂಡು, ಇವರ ಮುಂದಿನ ಹೆಜ್ಜೆ ಬೀಳಬೇಕಿದ್ದಲ್ಲಿ ಇಳಿಬಿಟ್ಟೆ. ಬೆಳ್ಳಿಯ ಹಿಡಿಯವರೆಗೂ ಮುಳುಗಿತು, ತಳ ಸಿಗಲಿಲ್ಲ.

“ಅಯ್ಯೋ, ಪಾಲಿಶ್ ಹೋಗತ್ತೆ ಕಣಮ್ಮಾ,” ಎಂದರು ಪರ್ವತಾರೋಹಿಗಳು.

ನನ್ನ ಗಂಡ ಒಮ್ಮೆ ಬೆತ್ತವನ್ನೂ ಒಮ್ಮೆ ಅವರ ಮುಖವನ್ನೂ ನೋಡಿ, ಕಾಲನ್ನು ಹಿಂದಕ್ಕೆ ತೆಗೆದರು. ಹತ್ತಿರದ ಹಳ್ಳಿಯ ಚಾವಡಿಯಲ್ಲಿ ಕುಳಿತು ಪುಳಿಯೋಗರೆ ತಿಂದೆವು. ಶಾಸ್ತ್ರ ಕೆಟ್ಟಿತೆಂದು ಗೊಣಗುತ್ತಲೇ ಶಾಮಣ್ಣನವರು ಮೂರು ಸಲ ಬಡಿಸಿಕೊಂಡರು. ಬಣ್ಣಗೆಟ್ಟ ಬೆತ್ತ ಮಾತ್ರ ತಮಗೆ ಬೇಡವೆಂದರು.

ಹಿಂತಿರುಗುವುದಕ್ಕೆ ನಮ್ಮ ಗಂಡಸರು ಸೋಲೆಂದು ಹೆಸರಿಟ್ಟುಕೊಂಡಿರುವುದೇಕೋ ನನಗೆ ಇಂದಿಗೂ ಅರ್ಥವಾಗಿಲ್ಲ. ಬೆಟ್ಟವೇನು ಓಡಿಹೋಗುತ್ತದೆಯೇ? ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವವರೆಗೆ ಋಷಿಗಳಂತೆ ಕಾದು ಕೂರುವ ಇವರಿಗೆ, ಹಳ್ಳ ಇಳಿಯುವವರೆಗೆ ಕಾಯಲು ಮಾನ ಅಡ್ಡ ಬರುತ್ತದೆ.

ಹೆಂಗಸರಿಂದ ಕೆಟ್ಟ ಆ ಯಾತ್ರೆಯ ಕಥೆಯನ್ನು ಶಾಮಣ್ಣನವರು ಕಹಳೆಬಂಡೆಯ ಮೇಲೆ ಈಗಲೂ ಹೇಳುತ್ತಾರಂತೆ. ಹೇಳಲಿ. ಬೆಳ್ಳಿ ಕಪ್ಪಾದ ಅವರ ಬೆತ್ತದ ತುದಿಯಲ್ಲಿ ನಾನು ದಿನವೂ ನಮ್ಮ ಯಜಮಾನರ ಪಂಚೆಯನ್ನು ಗಳುವಿಗೇರಿಸುತ್ತೇನೆ. ಈ ಮಳೆಯಲ್ಲಿ ಅದು ಬೇಗ ಒಣಗುವುದಿಲ್ಲ. ಒಣಗದಿದ್ದರೆ ಬೇಡ, ಅದನ್ನು ಉಡುವವರು ಒಳಗಿನಿಂದ ಕಾಫಿಗೆ ಕೂಗುತ್ತಿದ್ದಾರೆ.